ಮಗಳ ಬುತ್ತಿ ಮತ್ತು ನನ್ನ ಮನವಿಪತ್ರ

ಅನ್ಯಾಯವನ್ನು ಕಂಡೂ ಸುಮ್ಮನಿರುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ನನಗಿಲ್ಲ. ಗದಗ ಜಿಲ್ಲೆಯಲ್ಲಿ ನಾನು ಮನವಿಪತ್ರ ಸಲ್ಲಿಸದ ಕಚೇರಿ ಯಾವುದಾದರೂ ಇದ್ದರೆ, ಅದು ನಾನು ಊರು ಬಿಟ್ಟ ಮೇಲೆ ತೆರೆದದ್ದಿರಬೇಕು. ಹೆಣ್ಣುಮಕ್ಕಳ ಕೈಯಿಂದ ಮಾತ್ರ ಕಸ ಹೊಡೆಸುವ ಶಾಲೆ, ಜಾತಿ ನೋಡಿ ಲೋಟ ಕೊಡುವ ಹೋಟೆಲು, ಗರ್ಭಿಣಿಯನ್ನು ಬಾಗಿಲಿನಿಂದಲೇ ಮುಂದಿನೂರಿಗೆ ಸಾಗಹಾಕುವ ಆಸ್ಪತ್ರೆ, ಎಲ್ಲವನ್ನೂ ಹೆಸರು ಹಿಡಿದು ಬರೆದಿದ್ದೇನೆ. ಅವೆಲ್ಲ ಅನ್ಯಾಯಗಳೇ ಆಗಿದ್ದವು. ಆ ಮಾತನ್ನು ಇವತ್ತೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ಮನವಿ ಬರೆಯುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಬೇಕಾದದ್ದನ್ನು ಬೇಕಾದಷ್ಟೇ ಕೇಳಬಾರದು. ಶಿರಹಟ್ಟಿ ಹತ್ತಿರದ ಒಂದು ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಬಾಗಿಲು ಕೊಡಿ ಎಂದರೆ ಯಾರು ತಲೆಯೆತ್ತಿ ನೋಡುತ್ತಾರೆ? ಆದ್ದರಿಂದ ತಪ್ಪಿತಸ್ಥರ ಅಮಾನತು, ಉನ್ನತ ಮಟ್ಟದ ತನಿಖೆ, ಲಿಖಿತ ಕ್ಷಮೆಯಾಚನೆ, ಇಷ್ಟನ್ನೂ ಕೇಳಿದೆವು. ಎರಡು ವರ್ಷಕ್ಕೆ ಬಾಗಿಲು ಬಂತು, ಚಿಲಕ ಬರಲಿಲ್ಲ. ಕಲ್ಲುಗೋಡೆಗೆ ಕೂಗುವವನು ಗಂಟಲನ್ನು ಉಳಿಸಿಕೊಳ್ಳುವುದಿಲ್ಲ. ಆ ಗಂಟಲನ್ನೇ ನಾನು ವಿಮಾನ ಹತ್ತಿಸಿಕೊಂಡು ಐರ್ಲೆಂಡಿಗೆ ತಂದೆ.

ತಂದದ್ದು ನಾನಲ್ಲ, ನನ್ನ ಹೆಂಡತಿ ಗಿರಿಜಾ. ಬೆಟಗೇರಿಯಲ್ಲಿ ನರ್ಸ್ ಆಗಿದ್ದ ಅವಳಿಗೆ ಇಲ್ಲಿಯ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸ್ತ್ರೀ ಸಮಾನತೆಯ ಬಗ್ಗೆ ಇಪ್ಪತ್ತು ವರ್ಷ ಭಾಷಣ ಮಾಡಿದವನು ವೀಸಾದ ಕಾಗದದಲ್ಲಿ 'ಅವಲಂಬಿತ' ಎಂಬ ಪದವನ್ನು ಓದಿ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನದಿಂದ ಅಡಿಗೆ ನನ್ನ ಪಾಲಿಗೇ ಬಂದದ್ದರಿಂದ ಉಣ್ಣಲೇಬೇಕಾಯಿತು.

ನಿಜವಾದ ಕಷ್ಟ ಮಗಳದು. ಸಮತಾಳಿಗೆ ಹದಿನೈದು ವರ್ಷ. ಲಕ್ಷ್ಮೇಶ್ವರದ ಶಾಲೆಯಲ್ಲಿ ಮಾತು ನಿಲ್ಲಿಸು ಎಂದು ಬೈಸಿಕೊಳ್ಳುತ್ತಿದ್ದ ಹುಡುಗಿ ಇಲ್ಲಿ ಎರಡು ತಿಂಗಳು ಬಾಯಿ ಬಿಡಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಊಟದ ಹೊತ್ತಿಗೆ ಅವಳ ಪಕ್ಕದ ಕುರ್ಚಿಯಲ್ಲಿ ಕೂರಲಿಲ್ಲ, ಅಷ್ಟೆ. ನಾನು ಬಡಿದುಕೊಟ್ಟ ಜೋಳದ ರೊಟ್ಟಿಯೂ ಬದನೆಕಾಯಿ ಎಣ್ಣೆಗಾಯಿಯೂ ಡಬ್ಬಿಯಲ್ಲಿ ಹೋದ ಹಾಗೆಯೇ ಮರಳುತ್ತಿದ್ದವು. ಅವಳಿಗೆ ಬೇಕಾದದ್ದು ಒಬ್ಬ ಗೆಳತಿ. ಅದನ್ನು ಯಾವ ಕಚೇರಿಯಲ್ಲಿ ಕೇಳಬೇಕೆಂದು ನನಗೆ ತಿಳಿಯಲಿಲ್ಲ.

ಆಮೇಲೊಂದು ವಾರದಿಂದ ಡಬ್ಬಿ ಖಾಲಿಯಾಗಿ ಬರತೊಡಗಿತು. ಆದರೆ ಹುಡುಗಿ ಮನೆಗೆ ಬಂದವಳೇ ನಿಂತಲ್ಲಿಯೇ ಅನ್ನ ತಿನ್ನುತ್ತಿದ್ದಳು. ವಿಚಾರಿಸಿದೆ.

"ರೊಟ್ಟಿ ಯಾರ ತಿಂದ್ರು?"

"ಮೇಗನ್. ನನ್ನ ಕ್ಲಾಸಿನಾಕಿ."

"ಕೇಳಿ ತಿಂತಾಳೇನು?"

"ಕೇಳೂದೇನೈತಪ್ಪಾ, ಸೀದಾ ಡಬ್ಬಿಗೆ ಕೈ ಹಾಕ್ತಾಳ. ಅಕಿಗೆ ಖಾರ ಹತ್ತಿ ಕಣ್ಣಾಗ ನೀರು ಬರತಾವು, ಆದ್ರೂ ಬಿಡೂದಿಲ್ಲ!"

ಹೇಳುವಾಗ ಮಗಳು ನಗುತ್ತಿದ್ದಳು. ನಾನು ನಗುವನ್ನು ನೋಡಲಿಲ್ಲ. ಡಬ್ಬಿಗೆ ಬಿದ್ದ ಕೈಯನ್ನು ಮಾತ್ರ ನೋಡಿದೆ. ಇನ್ನೂರು ವರ್ಷ ನಮ್ಮ ಬುತ್ತಿಗೆ ಕೈಹಾಕಿದವರ ಚರಿತ್ರೆಯೆಲ್ಲ ಆ ಒಂದು ಕೈಯಲ್ಲಿ ಕಂಡಿತು. ಐರ್ಲೆಂಡಿನವರ ಬುತ್ತಿಯನ್ನೂ ನಮ್ಮದರಂತೆಯೇ ಇಂಗ್ಲಿಷರು ಕಸಿದುಕೊಂಡಿದ್ದರು ಎಂಬುದು ನನ್ನಂಥ ಓದಿಕೊಂಡವನಿಗೂ ಆಗ ಹೊಳೆಯಲಿಲ್ಲ. ಅಂದೇ ಕುಳಿತು ಬರೆದೆ: ತಪ್ಪಿತಸ್ಥ ವಿದ್ಯಾರ್ಥಿನಿಯ ಮೇಲೆ ಕಠಿಣ ಕ್ರಮ, ಲಿಖಿತ ಕ್ಷಮೆಯಾಚನೆ, ನ್ಯಾಯ ಸಿಗುವವರೆಗೆ ನನ್ನ ಮಗಳಿಗೆ ಪ್ರತ್ಯೇಕ ಆಸನ ಮತ್ತು ರಕ್ಷಣೆ. ನನಗೆ ಬೇಕಾಗಿದ್ದದ್ದು ಯಾರಾದರೂ ಆ ಹುಡುಗಿಗೆ ಒಂದು ಮಾತು ಹೇಳುವುದು. ಉಳಿದದ್ದೆಲ್ಲ ವಾಡಿಕೆ.

ಗಿರಿಜಾ ಓದಿ ಕಾಗದವನ್ನು ಮೇಜಿನ ಮೇಲಿಟ್ಟಳು. "ಗದಗಿನ್ಯಾಗ ಬರದಂಗ ಇಲ್ಲಿ ಬರೀಬ್ಯಾಡ್ರಿ. ಇಲ್ಲಿ ಓದತಾರ."

ನಾನು ಅದನ್ನು ಹೊಗಳಿಕೆಯೆಂದು ತಿಳಿದೆ.

ಮುಖ್ಯೋಪಾಧ್ಯಾಯಿನಿ ಎದ್ದು ನಿಂತು ಮನವಿ ಸ್ವೀಕರಿಸಿದರು. ಸ್ವೀಕರಿಸುವಾಗ ಫೋಟೊ ತೆಗೆಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಯಾಕೆಂದು ಕೇಳದೆ ನಿಂತುಕೊಂಡರು. ಆಮೇಲೆ, ನನ್ನ ಆಯುಷ್ಯದಲ್ಲಿ ಯಾವ ಅಧಿಕಾರಿಯೂ ಮಾಡದ ಕೆಲಸವನ್ನು ಮಾಡಿದರು. ನನ್ನೆದುರಿಗೇ ಕುಳಿತು ಅದನ್ನು ಕೊನೆಯವರೆಗೆ ಓದಿದರು.

ಮೂರನೆಯ ದಿನ ಎಲ್ಲ ಬೇಡಿಕೆಗಳೂ ಈಡೇರಿದವು. ಊಟ ಹಂಚಿಕೊಳ್ಳಬಾರದೆಂಬ ನಿಯಮ ಶಾಲೆಯಲ್ಲಿ ಮೊದಲೇ ಇತ್ತಂತೆ. ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ. ಮೇಗನ್‌ಳ ತಾಯಿಯನ್ನು ಕರೆಸಿದರು. ಸಮತಾಳನ್ನು ಊಟಕ್ಕೆ ಬೇರೆ ಕೋಣೆಯಲ್ಲಿ ಕೂರಿಸಿದರು.

ಸಂಜೆ ಮಗಳು ಬಂದು ಚೀಲ ಇಳಿಸಿದಳು. "ಅಪ್ಪಾ, ಇವತ್ತ ಎಲ್ಲಾ ರೊಟ್ಟಿ ನಾನ ತಿಂದೆ. ಎದರಿಗೆ ಒಬ್ರು ಟೀಚರ್ ಕುಂತು ನನ್ನ ಕಾಯ್ದ್ರು. ಸಮಾಧಾನ ಆತಿಲ್ಲೊ ನಿನಗ?"

ಅವಳು ಒಂದು ಲಕೋಟೆಯನ್ನು ನನ್ನ ಕೈಗಿಟ್ಟಳು. ಮೇಗನ್‌ಳ ಕ್ಷಮಾಪಣೆ, ದುಂಡಗಿನ ಅಕ್ಷರ, ಎರಡೇ ಸಾಲು: ನಿನ್ನ ಊಟ ತಿಂದದ್ದಕ್ಕೆ ಕ್ಷಮಿಸು, ನಾವು ಗೆಳತಿಯರೆಂದು ತಿಳಿದಿದ್ದೆ.

"ಅಕಿ ತನ್ನ ಬ್ರೆಡ್ಡಿನಾಗ ಅರ್ಧಾ ನನಗ ಕೊಡ್ತಿದ್ಲು," ಎಂದಳು ಮಗಳು. "ಸಪ್ಪಗ ಇರತಿತ್ತು. ಅದನ್ನ ಯಾಕ ಕೇಳಲಿಲ್ಲ ನೀ?"

ಮರುದಿನವೇ ಶಾಲೆಗೆ ಓಡಿದೆ. ಪ್ರತ್ಯೇಕ ಆಸನವನ್ನು ತಕ್ಷಣ ತೆಗೆದರು. ಅಲ್ಲಿ ವಿಳಂಬವೆಂಬುದೇ ಇಲ್ಲ. ಆದರೆ ಮೇಗನ್ ಬೇರೆ ಮೇಜಿಗೆ ಹೋಗಿದ್ದಳು. ಆ ಹುಡುಗಿಯ ಹತ್ತಿರ ಸುಳಿಯಬೇಡ ಎಂದು ಅವಳ ತಾಯಿ ಹೇಳಿದ್ದಾಳಂತೆ. ಅದಕ್ಕೆ ಯಾವ ಕಚೇರಿಯೂ ಆದೇಶ ಹೊರಡಿಸಲಾರದು.

ಕಹಿಯನ್ನು ಕಳೆದುಕೊಳ್ಳಲು ನನಗೆ ಗೊತ್ತಿರುವುದು ಒಂದೇ ದಾರಿ. ಇನ್ನೊಂದು ಮನವಿ ಬರೆದೆ. ಮಕ್ಕಳ ಕೈತುತ್ತನ್ನು ಅಪರಾಧವಾಗಿಸುವ ನಿಯಮ, ವಿವೇಚನೆಯಿಲ್ಲದೆ ಅಕ್ಷರಶಃ ಪಾಲಿಸುವ ಶಾಲೆ, ಒಂದು ಮಾತೂ ಕೇಳದೆ ಮಗಳನ್ನು ದೂರ ಸರಿಸಿದ ತಾಯಿ, ಯಾರನ್ನೂ ಬಿಡಲಿಲ್ಲ. ಈ ಸಲ ಮಗಳಿಗೆ ಮೊದಲು ತೋರಿಸಿದೆ. ಅವಳು ನಿಧಾನವಾಗಿ, ಇಲ್ಲಿಯವರ ಹಾಗೆ, ಕೊನೆಯವರೆಗೆ ಓದಿದಳು.

"ತಪ್ಪ ಮಾಡಿದವರ ಹೆಸರು ಎಲ್ಲಾ ಬಂದಾವಪ್ಪಾ," ಎಂದಳು. "ಆದ್ರ ಒಂದು ತಪ್ಪ ಜಾಗಾದಾಗ ಐತಿ." ಬೆರಳು ಕಾಗದದ ಕೆಳಗೆ, ನನ್ನ ಸಹಿಯ ಮೇಲಿತ್ತು.

ತಪ್ಪು ತೋರಿಸಿಕೊಟ್ಟರೆ ತಿದ್ದುಪಡಿ ಮಾಡಿಕೊಳ್ಳುವುದು ನನ್ನ ತತ್ತ್ವ. ನನ್ನ ಹೆಸರನ್ನು ಮೇಲೆ ತಪ್ಪಿತಸ್ಥರ ಪಟ್ಟಿಗೆ ತಂದು, ಎಲ್ಲರಿಗಿಂತ ಮೊದಲು ಬರೆದೆ. ಈಗ ಕೆಳಗೆ ಸಹಿ ಮಾಡಲು ಯಾರೂ ಉಳಿದಿಲ್ಲ. ಮನವಿ ಮೇಜಿನ ಮೇಲೆಯೇ ಬಿದ್ದಿದೆ.