ಕಾಕಾನ ವ್ಯಾನಿಗೆ ಸೋಮವಾರ ರಜೆ

ನಮ್ಮ ಕಾಕಾನಿಗೆ ಗಾಡಿ ಓಡಿಸಲು ಬರುತ್ತದೆಂದು ಅವನ ಲೈಸೆನ್ಸ್ ಹೇಳುತ್ತದೆ. ಸರಕಾರಕ್ಕೆ ಎದುರಾಡುವುದೇಕೆಂದು ನಾವೂ ಸುಮ್ಮನಿದ್ದೇವೆ!

ಕಾಕಾನ ಹೆಂಡತಿ ಕಾಕುವಿಗೆ ಬೆನ್ನಿನ ಆಪರೇಷನ್ ಆದ ಮೇಲೆ ಬಸ್ಸು, ಬೈಕು ಎರಡೂ ಬಂದ್ ಆದವು. ಪ್ರತಿ ಮಂಗಳವಾರ ಮಿರಜಿನ ಡಾಕ್ಟರಿಗೆ ತೋರಿಸಲೇಬೇಕು. ಅದಕ್ಕೆಂದೇ ಕಾಕಾ ಎಂಟು ಸೀಟಿನ ಹಳೇ ವ್ಯಾನು ಕೊಂಡ. ಕೊಳ್ಳುವಾಗ ಏನು ಪರೀಕ್ಷೆ ಮಾಡಿದನೆಂದಿರಿ? ಜಾನುವಾರು ಸಂತೆಯಲ್ಲಿ ಎತ್ತು ನೋಡುವಂತೆ ಮೂರು ಸುತ್ತು ಹಾಕಿ, ಬೆನ್ನು ತಟ್ಟಿ, "ಸುಳಿ ಛಲೋ ಐತಿ" ಎಂದ!

ನಮ್ಮಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ವ್ಯಾನಿಗೂ ಅಂದು ರಜೆ. ಮೈ ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿ ಬೇವಿನ ನೆರಳಲ್ಲಿ ನಿಲ್ಲಿಸುತ್ತಾನೆ. ನೆರಳು ಸರಿದರೆ ಎಂಜಿನ್ ಚಾಲೂ ಮಾಡುವಂತಿಲ್ಲ, ಮನೆಮಂದಿಯೆಲ್ಲ ನೂಕಬೇಕು!

ಒಂದು ರವಿವಾರ ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹೊತ್ತಿತು. ಕಾಕಾ ಎಂಜಿನ್ ಆಯಿಲ್ ನೋಡಿದ, ರೇಡಿಯೇಟರಿಗೆ ನೀರು ಹಾಕಿದ, ಟೈರು ಒದ್ದ. ಆರಲಿಲ್ಲ. ಕಡೆಗೆ ಕಾಕು ಹಣೆಗಿಡುವ ಟಿಕಳಿಯೊಂದನ್ನು ದೀಪದ ಮೇಲೆ ಅಂಟಿಸಿ, "ಆತು, ಈಗ ಕಾಣಸೂದಿಲ್ಲ" ಎಂದ.

"ನಾಡದ ಮಿರಜಿಗೆ ಹೋಗೂದ ಐತ್ರಿ. ನಡದಾರಿಯಾಗ ಕೈ ಕೊಟ್ರ?" ಎಂದಳು ಕಾಕು.

ಮರುದಿನ ನಾನೇ ಕಾಗವಾಡದಿಂದ ಗ್ಯಾರೇಜಿನ ಮಿಸ್ತ್ರಿಯನ್ನು ಕರೆತಂದೆ.

"ಚಾವಿ ಕೊಡ್ರಿ ಮಾಮಾ, ಚಾಲೂ ಮಾಡಿ ನೋಡತೇನಿ."

"ಇವತ್ತ ಸೋಮವಾರ. ಆಗೂದಿಲ್ಲ."

"ಎತ್ತಿಗೆ ಜಡ್ಡಾದ್ರ ಸೋಮವಾರ ಡಾಕ್ಟರ ನೋಡೂದಿಲ್ಲೇನ್ರಿ?"

ಕಾಕಾ ಯೋಚಿಸಿದ. "ನೋಡ್ತಾರ. ಓಡಿಸಿ ನೋಡೂದಿಲ್ಲ!"

ಸೋತ ಮಿಸ್ತ್ರಿ ಬಾನೆಟ್ ಎತ್ತಿದ. ಬ್ರೇಕ್ ಆಯಿಲ್ ಗೆರೆಗಿಂತ ಕೆಳಗಿಳಿದಿತ್ತು, ಕೆಂಪು ದೀಪ ಹೊತ್ತಿದ್ದು ಅದಕ್ಕೇ. ಜಾಕ್ ಹಚ್ಚಿ ಗಾಲಿ ಬಿಚ್ಚಿದವನೇ ಹೌಹಾರಿದ.

"ಅರೇ ದೇವಾ! ಆರ ತಿಂಗಳ ಹಿಂದ ನಾನೇ ಹಾಕಿದ ಬ್ರೇಕ್ ಪ್ಯಾಡ್, ಸವದು ಕಾಗದ ಆಗ್ಯಾವು. ಹೆಂಗ ಓಡಸ್ತೀರಿ ಮಾಮಾ?"

ನಾನು ಹೊಟ್ಟೆ ಹಿಡಿದು ನಕ್ಕೆ. ಕಾಕಾ ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತ.

ಕಟ್ಟೆಯ ಮೇಲಿಂದ ಕಾಕುವೇ ಹೇಳಿದಳು. "ಕಬ್ಬಿನ ಟ್ರ್ಯಾಕ್ಟರ ಅಡ್ಡ್ಯಾಡಿ ರಸ್ತಾ ತುಂಬ ತೆಗ್ಗ ಬಿದ್ದಾವು. ಒಂದೊಂದ ತೆಗ್ಗಿಗೂ ಗಾಡಿ ನಿಂದರಸ್ತಾರ. ಹೊಳ್ಳಿ ನೋಡಿ, 'ಬೆನ್ನ ನೋಯ್ತೇನ?' ಅಂತಾರ. ನಾ ಇಲ್ಲಂದ ಮ್ಯಾಲೇ ಮುಂದ ಬಿಡೂದು."

ನನ್ನ ನಗು ನಿಂತಿತು. ಕಾಕಾನ ಮೇಲೆ ಅಂದು ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ.

ಮಿಸ್ತ್ರಿ ಹೊಸ ಪ್ಯಾಡ್ ಕೂಡಿಸಿ, ಆಯಿಲ್ ತುಂಬಿ, ಇನ್ನೊಂದು ಜೊತೆ ಪ್ಯಾಡನ್ನು ಕಾಕಾನ ಕೈಗಿಟ್ಟ.

"ಇವೂ ಮನ್ಯಾಗ ಇರಲಿ ಮಾಮಾ. ನೀವು ಹಿಂಗ ಬ್ರೇಕ್ ಒತ್ತಕೋತ ಹೋಗ್ರಿ."