ಕೊಲೆಗಾರ ಯಾರೆಂದು ಮಾತ್ರ ಕೇಳಬೇಡಿ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದೇ ಒಂದು ಮಾತು: “ನೋಡದೇ ಇರ್ತೀನಾ ಸಾರ್!”

ಆ ಮಾತು ಆಡಿದವನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಲೆನ್ಸಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಅವನ ಹೆಂಡತಿಗೂ ಸ್ವಲ್ಪ ಯೋಚಿಸಿದ ಮೇಲೇ ನೆನಪಾಗುತ್ತಿತ್ತು. ಬೆಳಿಗ್ಗೆ ಅವನು ಅಂಗಡಿಯ ಗಾಜು ಒರೆಸುತ್ತಿದ್ದಾಗ ಯಜಮಾನರು ಬಂದು, “‘ಮಹಡಿ ಮನೆಯ ಕೊಲೆ’ ನೋಡಿದ್ದೀಯೇನಯ್ಯಾ?” ಎಂದರು.

ಆ ಹಳೆಯ ಕಪ್ಪು ಬಿಳುಪಿನ ಪತ್ತೇದಾರಿ ಸಿನಿಮಾ ಯಜಮಾನರ ಪಂಚಪ್ರಾಣ. ಲೆನ್ಸಣ್ಣನಿಗೋ ಪತ್ತೇದಾರಿ ಸಿನಿಮಾ ಎಂದರೆ ಎಣ್ಣೆ ಸೀಗೆಕಾಯಿ. ಆದರೆ ಯಜಮಾನರು ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದರ ಮ್ಯಾನೇಜರ್ ಕುರ್ಚಿಯಲ್ಲಿ ಯಾರು ಕೂರಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಆ ಕುರ್ಚಿಯ ಆಸೆಯೇ ಲೆನ್ಸಣ್ಣನ ನಾಲಿಗೆಯ ಮೇಲೆ ಕೂತು ಮಾತಾಡಿಬಿಟ್ಟಿತು.

“ನೋಡದೇ ಇರ್ತೀನಾ ಸಾರ್! ನಾಲ್ಕು ಸಲ!”

ಯಜಮಾನರ ಮುಖ ಪೂರಿಯಂತೆ ಉಬ್ಬಿತು. “ಭಲೇ! ನೋಡು, ಇವತ್ತು ಸಂಜೆ ನಮ್ಮ ಚಿತ್ರ ಸಂಘದಲ್ಲಿ ಅದೇ ಸಿನಿಮಾ. ಶುರುವಾಗೋ ಮೊದಲು ಮಾತಾಡಬೇಕಿದ್ದ ಪ್ರೊಫೆಸರಿಗೆ ಗಂಟಲು ಕಟ್ಟಿಬಿಟ್ಟಿದೆ. ನೀನೇ ನಾಲ್ಕು ಮಾತಾಡಿಬಿಡು. ಹೊಸ ಅಂಗಡಿಗೆ ತಲೆ ಇರೋ ಮನುಷ್ಯ ಬೇಕು ಅಂತ ಹುಡುಕ್ತಾನೂ ಇದ್ದೀನಿ, ತಿಳೀತಾ?”

ತಿಳಿಯದೇನು? ಲೆನ್ಸಣ್ಣ ಪರೀಕ್ಷೆಯ ಕತ್ತಲೆ ಕೋಣೆಗೆ ಹೊಕ್ಕು, ಬಾಗಿಲು ಹಾಕಿಕೊಂಡು, ಮೊಬೈಲ್ ತೆಗೆದ. ಕತೆ ತಕ್ಷಣ ಸಿಕ್ಕಿತು. ದೊಡ್ಡ ಮನೆ, ದೊಡ್ಡ ಔತಣ, ದೀಪ ಆರುತ್ತದೆ, ಮಹಡಿಯ ಮೇಲೆ ಮನೆಯೊಡೆಯನ ಹೆಣ. ಸರಿ, ಕೊಂದವರು ಯಾರು? ಅದನ್ನು ಮಾತ್ರ ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ನೋಡಿದವರ ಅಭಿಪ್ರಾಯಗಳಿಗೇನೂ ಬರವಿರಲಿಲ್ಲ. ‘ಐದು ನಕ್ಷತ್ರ. ಕೊನೆ ನೋಡಿ ಕುರ್ಚಿಯಿಂದ ಬಿದ್ದೆ, ಸೊಂಟ ಇನ್ನೂ ನೋಯುತ್ತಿದೆ. ಕೊಲೆಗಾರ ಯಾರೆಂದು ಮಾತ್ರ ಕೇಳಬೇಡಿ’ ಎಂದು ಒಬ್ಬರು. ‘ಒಂದೇ ನಕ್ಷತ್ರ. ಸಿನಿಮಾ ಅದ್ಭುತ, ಆದರೆ ನನಗೆ ಬಂದ ಡಿವಿಡಿ ಡಬ್ಬಿ ಒಡೆದಿತ್ತು’ ಎಂದು ಇನ್ನೊಬ್ಬರು. ‘ಕೊಲೆಗಾರ ಯಾರೆಂದು ಮೊದಲ ದೃಶ್ಯದಲ್ಲೇ ಗೊತ್ತಾಗುತ್ತೆ. ದಡ್ಡರಿಗೆ ಮಾತ್ರ ಗೊತ್ತಾಗಲ್ಲ’ ಎಂದು ಮತ್ತೊಬ್ಬರು.

ತಾನು ಯಾವ ಪಂಗಡಕ್ಕೆ ಸೇರಿದವನೆಂದು ಲೆನ್ಸಣ್ಣನಿಗೆ ಅನುಮಾನವೇ ಉಳಿಯಲಿಲ್ಲ.

ಅಷ್ಟರಲ್ಲಿ ದಿನದ ಮೊದಲ ಗಿರಾಕಿ ಬಂದರು, ನಿವೃತ್ತ ಜಡ್ಜ್ ಸಾಹೇಬರು. ಅವರನ್ನು ಕೂರಿಸಿ, ಮೂಗಿನ ಮೇಲೆ ಫ್ರೇಮು ಏರಿಸಿ, ಎದುರಿನ ಬೋರ್ಡಿಗೆ ದೀಪ ಹಾಕಿದ.

“ಕೆಳಗಿನ ಸಾಲು ಓದಿ ಸಾರ್.”

“ರ, ಠ, ಈ…”

“ಬಹಳ ಸರಿ. ಮಹಡಿ ಮನೆಯ ಕೊಲೆ ಮಾಡಿದ್ದು ಯಾರು?”

ಜಡ್ಜ್ ಸಾಹೇಬರು ಕಣ್ಣು ಕಿರಿದು ಮಾಡಿದರು. “ಅದೂ ಬೋರ್ಡ್ ಮೇಲೆ ಬರ್ದಿದೆಯಾ?”

“ಇಲ್ಲ ಸಾರ್, ಸಿನಿಮಾ ವಿಷಯ. ಸುಮ್ನೆ ಕೇಳಿದೆ.”

“ಓ, ಅದಾ! ಶುದ್ಧ ತಲೆಹರಟೆ ಸಿನಿಮಾ ಕಣಪ್ಪಾ. ಆ ಪತ್ತೇದಾರ ವಿಷದ ಲೋಟಾನ ಬರಿಗೈಲಿ ಎತ್ತಿ ಮೂಸ್ತಾನೆ. ನನ್ನ ಕೋರ್ಟಿಗೆ ಬಂದಿದ್ರೆ ಮೊದಲು ಅವನನ್ನೇ ಒಳಗೆ ಹಾಕ್ತಿದ್ದೆ.”

“ಹಾಕಬೇಕಾದ್ದೇ ಸಾರ್. ಆದ್ರೆ ಕೊಲೆ ಮಾಡಿದ್ದು…?”

“ಕೊನೇಲಿ ಪರದೆ ಮೇಲೆ ಬರುತ್ತಲ್ಲ, ‘ದಯವಿಟ್ಟು ಈ ಗುಟ್ಟನ್ನು ಯಾರಿಗೂ ಹೇಳಬೇಡಿ’ ಅಂತ? ಅಷ್ಟು ವಿನಯದಿಂದ ಕೇಳ್ಕೊಂಡಿದ್ದಾರೆ. ನಾನು ಹೇಳಲ್ಲಪ್ಪಾ.”

ಮುಂದಿನ ಗಿರಾಕಿ ಆಸ್ಪತ್ರೆಯ ನರ್ಸಮ್ಮ. ಅವರೂ ಆ ಸಿನಿಮಾ ನೋಡಿದ್ದರು. ಅವರ ತಕರಾರೇ ಬೇರೆ.

“ಹೆಣ ಉಸಿರಾಡುತ್ತೆ ಕಣ್ರೀ! ಎದೆ ಹೇಗೆ ಏರಿಳಿಯುತ್ತೆ ಅಂದ್ರೆ, ಎದ್ದು ಹೋಗಿ ಒಂದು ಕಂಬಳಿ ಹೊದಿಸಿ ಬರೋಣ ಅನ್ನಿಸ್ತು ನನಗೆ. ಆದ್ರೆ ಕೊನೆ ಮಾತ್ರ… ಅಬ್ಬಬ್ಬಾ!”

“ಕೊನೇಲಿ ಏನಾಗುತ್ತೆ?”

“ಅದನ್ನ ಹೇಳಿ ನಿಮ್ಮ ಮಜಾ ಕೆಡಿಸೋಳಲ್ಲ ನಾನು.”

“ಕೆಡಿಸಿ ತಾಯೀ! ಪೂರ್ತಿ ಕೆಡಿಸಿ!”

ನರ್ಸಮ್ಮ ಕಿವಿ ಮುಚ್ಚಿಕೊಂಡು ಎದ್ದರು. ಬೇರೆ ದಿನವಾಗಿದ್ದರೆ ಕೇಳದಿದ್ದರೂ ಕರೆದು ಹೇಳುವ ಜನ ಇವರು. ಪಕ್ಕದ ಮನೆಯ ಹುಡುಗಿ ಯಾರ ಜೊತೆ ಓಡಿಹೋದಳೆಂದು ಓಡುವ ಮುಂಚೆಯೇ ಹೇಳಿಬಿಡುವವರು. ಇಂದು ಮಾತ್ರ ಊರಿಗೆ ಊರೇ ಮಾತಿಗೆ ತಪ್ಪದ ಹರಿಶ್ಚಂದ್ರನ ಮೊಮ್ಮಕ್ಕಳಾಗಿಬಿಟ್ಟಿತ್ತು.

ಇನ್ನುಳಿದದ್ದು ಅಂಗಡಿಯ ಕ್ಯಾಷಿಯರಮ್ಮ. ಅವರ ಬಳಿ ನೇರವಾಗಿ ಕೇಳುವಂತಿಲ್ಲ, ಬೆಳಗಿನ ‘ನಾಲ್ಕು ಸಲ’ ಅವರ ಕಿವಿಗೂ ಬಿದ್ದಿತ್ತು. ಲೆನ್ಸಣ್ಣ ಸುತ್ತು ದಾರಿ ಹಿಡಿದ.

“ಅಕ್ಕಾ, ಆ ಕೊಲೆ ಮಾಡಿದ ಪಾತ್ರದ ಅಭಿನಯ ಹೇಗಿದೆ ಅಂತೀರಾ?”

ಕ್ಯಾಷಿಯರಮ್ಮನ ಕಣ್ಣಲ್ಲಿ ನೀರು ಚಿಮ್ಮಿತು. “ಪಾಪ ಕಣೋ! ಸತ್ತವನಿಗಿಂತ ಅವರ ಮೇಲೇ ಕನಿಕರ ಬಂತು ನನಗೆ. ಏನು ಕಷ್ಟ ಪಟ್ಟಿದ್ರು ಅವರು! ಎಷ್ಟು ತಾಳ್ಕೊಂಡಿದ್ರು ಅವರು!”

ಅವರು! ಗಂಡಸಿಗೂ ಅವರು, ಹೆಂಗಸಿಗೂ ಅವರು. ಕೊಲೆಗಾರ ಗೌರವದ ಆ ಬಹುವಚನದೊಳಗೆ ಮುಸುಕು ಹೊದ್ದು ಮಲಗಿಬಿಟ್ಟ. ಲೆನ್ಸಣ್ಣ ಮುಸುಕಿನ ತುದಿ ಎಳೆದು ನೋಡಿದ. “ಅವರ ಮೀಸೆ ಚೆನ್ನಾಗಿತ್ತು, ಅಲ್ವಾ ಅಕ್ಕಾ?”

“ನಾಲ್ಕು ಸಲ ನೋಡಿದೋನು ನೀನು. ನನ್ನ ಬಾಯಿ ಯಾಕೆ ಬಿಡಿಸ್ತೀಯ? ಹೋಗು, ಗಿರಾಕಿ ಕಾಯ್ತಿದ್ದಾರೆ.”

ಊಟದ ಹೊತ್ತಿಗೆ ಹೆಂಡತಿಗೆ ಫೋನ್ ಮಾಡಿದ. “ನಿಮ್ಮಮ್ಮ ಹಳೇ ಸಿನಿಮಾ ಒಂದನ್ನೂ ಬಿಟ್ಟಿಲ್ಲ ಅಂತಿದ್ಯಲ್ಲ. ಸ್ವಲ್ಪ ಕೊಡು ಅವರಿಗೆ.”

ಅತ್ತೆ ಫೋನಿಗೆ ಬಂದರು. “ನೋಡಿದ್ದೀನಿ ಅಳಿಯಂದಿರೇ! ಮದುವೆ ಗೊತ್ತಾದ ಹೊಸದು. ನಿಮ್ಮ ಮಾವನ ಜೊತೆ ಹೋಗಿದ್ದೆ. ಊಟದ ಮನೇಲಿ ದೀಪ ಆರುತ್ತೆ.”

“ಹೂಂ, ಆಮೇಲೆ?”

“ಆಮೇಲೆ…” ಅತ್ತೆಯ ದನಿ ಇದ್ದಕ್ಕಿದ್ದಂತೆ ಇಪ್ಪತ್ತರ ಹರೆಯಕ್ಕೆ ಇಳಿಯಿತು. “ಆಮೇಲೆ ನಾನು ಪರದೆ ಕಡೆ ನೋಡಲಿಲ್ಲ.”

ಲೆನ್ಸಣ್ಣ ಗಂಟಲು ಸರಿಮಾಡಿಕೊಂಡು ಫೋನ್ ಇಟ್ಟ. ತಲೆ ಕೆಟ್ಟು ಕೆರ ಹಿಡಿದಿತ್ತು. ಆ ಭರದಲ್ಲಿ, ಮಧ್ಯಾಹ್ನ ಕನ್ನಡಕ ಒಯ್ಯಲು ಇಬ್ಬರೂ ಮತ್ತೆ ಬಂದಾಗ, ಜಡ್ಜ್ ಸಾಹೇಬರ ಹೊಸ ಕನ್ನಡಕವನ್ನು ನರ್ಸಮ್ಮನಿಗೂ, ನರ್ಸಮ್ಮನದನ್ನು ಜಡ್ಜ್ ಸಾಹೇಬರಿಗೂ ಕೊಟ್ಟು ಕಳಿಸಿದ. ಸಾಹೇಬರು ಹೋಗುವಾಗ ಕನ್ನಡಿಯಲ್ಲಿದ್ದ ತಮಗೇ ನಮಸ್ಕಾರ ಮಾಡಿ, “ಬಹಳ ದಿನ ಆಯ್ತು ನೋಡಿ, ಇಳಿದು ಹೋಗಿದ್ದೀರಿ” ಎಂದದ್ದನ್ನೂ ಅವನು ಗಮನಿಸಲಿಲ್ಲ.

ಸಂಜೆ ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಸಿನಿಮಾದ ಹಳೆಯ ಪೋಸ್ಟರ್ ತೂಗುಹಾಕಿದ್ದರು. ಸಿಗರೇಟು ಕಚ್ಚಿದ ವಕೀಲ, ಕಣ್ಣು ಕೆಂಪಗೆ ಮಾಡಿಕೊಂಡ ಸೋದರಳಿಯ, ಚಾಕು ಹಿಡಿದ ಅಡುಗೆಯವನು. ಮೂಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕಾಲಿಗೆ ಶಾಲು ಹೊದ್ದ ಮುದಿ ಅಜ್ಜಿ, ಉಲ್ಲನ್ ಹೆಣೆಯುತ್ತಾ. ಲೆನ್ಸಣ್ಣ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದ. ಅಜ್ಜಿಯೊಬ್ಬಳನ್ನು ಬಿಟ್ಟರೆ ಎಲ್ಲರೂ ಕೊಲೆಗಾರರೇ. ಸರಿ, ಕೊಂದವರ ಸುದ್ದಿಗೇ ಹೋಗದೆ ಮಾತು ಮುಗಿಸಬೇಕು ಎಂದುಕೊಂಡು ವೇದಿಕೆ ಹತ್ತಿದ.

ಶುರು ಎಷ್ಟು ಚೆನ್ನಾಯಿತೆಂದರೆ ಅವನಿಗೇ ನಂಬಲಾಗಲಿಲ್ಲ.

“ಈ ಸಿನಿಮಾದಲ್ಲಿ ತಪ್ಪಿಲ್ಲ ಅಂತ ನಾನು ಹೇಳಲ್ಲ. ಪತ್ತೇದಾರ ವಿಷದ ಲೋಟಾನ ಬರಿಗೈಲಿ ಎತ್ತುತ್ತಾನೆ!” ಎಂದ. ಮುಂದಿನ ಸಾಲಿನಿಂದ ಜಡ್ಜ್ ಸಾಹೇಬರು, “ಸರಿಯಾಗಿ ಹೇಳಿದ್ರಿ!” ಎಂದು ಖಾಲಿ ಕುರ್ಚಿಯ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. “ಹೆಣ ಉಸಿರಾಡುತ್ತೆ!” ಎಂದ. ಸಭೆ ಗೊಳ್ಳೆಂದಿತು. “ಆದರೂ ಕೊನೇಲಿ ಕೊಂದವರ ಮೇಲೇ ಕನಿಕರ ಬರುತ್ತಲ್ಲ, ಅದೇ ಈ ಸಿನಿಮಾದ ದೊಡ್ಡತನ” ಎಂದ. ಕ್ಯಾಷಿಯರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರಂತೂ ಅಕ್ಕಪಕ್ಕದವರಿಗೆ, “ನಮ್ಮ ಅಂಗಡಿಯವನು, ನಮ್ಮವನು” ಎಂದು ತೋರಿಸುತ್ತಿದ್ದರು.

ಅಲ್ಲಿಗೆ ನಿಲ್ಲಿಸಿ ಇಳಿದಿದ್ದರೆ ಮ್ಯಾನೇಜರ್ ಕುರ್ಚಿ ಅವನದೇ. ಆದರೆ ಚಪ್ಪಾಳೆ ಎಂಬುದು ಜಾರುಬಂಡೆ ಇದ್ದ ಹಾಗೆ, ಒಮ್ಮೆ ಕೂತರೆ ನಡುವೆ ಇಳಿಯಲಾಗುವುದಿಲ್ಲ. ಇನ್ನೊಂದು ನಗೆ ಬರಿಸಿ ಮುಗಿಸೋಣವೆಂದು ಲೆನ್ಸಣ್ಣ ಸೊಂಟದ ಮೇಲೆ ಕೈಯಿಟ್ಟ.

“ಕೊಲೆಗಾರ ಯಾರು ಅಂತ ನಾನು ಸುತರಾಂ ಹೇಳಲ್ಲ. ವಕೀಲನ ಮೇಲೆ ಅನುಮಾನ ಪಡಿ, ಸೋದರಳಿಯನ ಮೇಲೆ ಪಡಿ, ನಿಮ್ಮಿಷ್ಟ. ಆದ್ರೆ ದಮ್ಮಯ್ಯ ಅಂತೀನಿ, ಆ ಗಾಲಿಕುರ್ಚಿ ಅಜ್ಜಿ ಇದ್ದಾಳಲ್ಲ, ಅವಳೇ ಕತ್ತಲಲ್ಲಿ ಎದ್ದು, ದಡದಡ ಮಹಡಿ ಹತ್ತಿ ಕೊಂದಳು ಅನ್ನೋ ಅಷ್ಟು ಮುಠ್ಠಾಳರಾಗಬೇಡಿ!”

ನಗೆಗಾಗಿ ಕಾದ.

ನಗೆ ಬರಲಿಲ್ಲ. ಸಿನಿಮಾ ನೋಡಿದ್ದವರ ಬಾಯಿ ಗುಹೆಯಂತೆ ತೆರೆದವು. ನೋಡದಿದ್ದವರು ನೋಡಿದ್ದವರ ಮುಖ ನೋಡಿದರು. ನೋಡಿ, ಅರ್ಥ ಮಾಡಿಕೊಂಡರು.

“ಹೇಳೇಬಿಟ್ಟನಲ್ಲಪ್ಪಾ!” ನರ್ಸಮ್ಮ ಚೀರಿದರು. “ಇಷ್ಟು ವರ್ಷ ಹೊಟ್ಟೇಲಿಟ್ಟುಕೊಂಡಿದ್ದೆ, ಗಂಡನಿಗೂ ಹೇಳಿರಲಿಲ್ಲ!”

“ನಾನು ನೋಡೋಕೆ ಅಂತ ರಜಾ ಹಾಕಿ ಬಂದಿದ್ದೆ!” ಎಂದು ಹಿಂದಿನಿಂದ ಒಬ್ಬರು. “ಇವನ ಬಾಯಿಗಿಷ್ಟು!” ಎಂದು ಇನ್ನೊಬ್ಬರು. ಯಾರದೋ ಚಪ್ಪಲಿ ವೇದಿಕೆಯ ಮೇಲೆ ಬಂದು ಬಿತ್ತು. ಅದರ ಜೋಡಿಯೂ ಬರುವ ಮುನ್ನ ಲೆನ್ಸಣ್ಣ ಪಕ್ಕದ ಬಾಗಿಲಿನಿಂದ ಹೊರಗೋಡಿದ. ಗಲಾಟೆ ಅಡಗಿಸಲು ಒಳಗೆ ಯಾರೋ ಗಡಿಬಿಡಿಯಲ್ಲಿ ದೀಪ ಆರಿಸಿ ಸಿನಿಮಾ ಶುರು ಮಾಡಿಬಿಟ್ಟರು.

ಪಡಸಾಲೆಯ ಬೆಂಚಿನ ಮೇಲೆ ತಲೆಗೆ ಕೈಹೊತ್ತು ಕೂತವನ ಪಕ್ಕ ಯಜಮಾನರು ಬಂದು ಕೂತರು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಲೆನ್ಸಣ್ಣ ತಲೆಯೆತ್ತಿದ. ಯಜಮಾನರ ಕಣ್ಣು ಒದ್ದೆಯಾಗಿದ್ದವು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ.

“ಅಜ್ಜಿನಾ?” ಎಂದರು ಪಿಸುದನಿಯಲ್ಲಿ.

“ಸಾರ್?”

“ಯಾರಿಗೂ ಹೇಳಬೇಡ ಮಾರಾಯ. ನಾನು ಇಷ್ಟು ಸಲ ನೋಡಿದ್ದೀನಿ, ಒಂದು ಸಲಾನೂ ಕೊನೆ ನೋಡಿಲ್ಲ. ದೀಪ ಆರಿದ್ರೆ ಸಾಕು, ನನಗೆ ನಿದ್ದೆ. ಕಣ್ಣು ಬಿಟ್ರೆ ಜನ ಎದ್ದು ಹೊರಗೆ ಹೋಗ್ತಿರ್ತಾರೆ. ಯಾರನ್ನ ಕೇಳಿದ್ರೂ ಹೇಳಲ್ಲ. ಸಂಘದ ಅಧ್ಯಕ್ಷ ಆದ ಮೇಲಂತೂ ಕೇಳೋ ಹಾಗೂ ಇಲ್ಲ. ಎಷ್ಟು ವರ್ಷದ ಭಾರ ಇಳಿಸಿದೆಯಯ್ಯಾ ನೀನು!”

ಲೆನ್ಸಣ್ಣನಿಗೆ ಹೋದ ಜೀವ ಬಂತು. ಬೆಂಚಿನ ಮೇಲಿದ್ದರೂ ಮ್ಯಾನೇಜರ್ ಕುರ್ಚಿಯ ಮೆತ್ತೆ ತಾಗಿದಂತಾಯಿತು. “ಹಾಗಾದ್ರೆ ಸಾರ್, ಹೊಸ ಅಂಗಡಿ…”

“ಅದು ಕ್ಯಾಷಿಯರಮ್ಮನಿಗೆ. ವ್ಯಾಪಾರಕ್ಕೆ ಬಾಯಿ ಭದ್ರ ಇರೋರು ಬೇಕಪ್ಪಾ. ನಿನ್ನ ಬಾಯಿ ಎಂಥದು ಅಂತ ಊರೇ ನೋಡ್ತು.” ಯಜಮಾನರು ಅವನ ಹೆಗಲ ಮೇಲೆ ಕೈಹಾಕಿ ಹತ್ತಿರ ಎಳೆದುಕೊಂಡರು. “ನಿನಗೆ ಬೇರೆ ಕೆಲಸ ಇದೆ. ನಾಳೆಯಿಂದ ಅಂಗಡಿ ಮುಚ್ಚಿದ ಮೇಲೆ ದಿನಾ ನಮ್ಮ ಮನೆಗೆ ಬಾ. ಬೀರು ತುಂಬ ಪತ್ತೇದಾರಿ ಸಿನಿಮಾಗಳಿವೆ, ಒಂದರ ಕೊನೆಯೂ ನನಗೆ ಗೊತ್ತಿಲ್ಲ. ನಾನು ಮಲಗ್ತೀನಿ, ನೀನು ಪೂರ್ತಿ ನೋಡು. ಬೆಳಿಗ್ಗೆ ಅಂಗಡೀಲಿ ಕೊಲೆಗಾರ ಯಾರು ಅಂತ ಹೇಳು, ಅಷ್ಟೇ.”

ಬೀರುವಿನಲ್ಲಿ ಎಷ್ಟು ಸಿನಿಮಾ ಹಿಡಿಯಬಹುದೆಂದು ಲೆನ್ಸಣ್ಣ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ.

“ಮತ್ತೆ ನೀನೂ ನಿದ್ದೆಗಿದ್ದೆ ಮಾಡೀಯ, ಹುಷಾರು” ಎಂದರು ಯಜಮಾನರು, ಎದ್ದು ಪಂಚೆ ಕೊಡವಿಕೊಳ್ಳುತ್ತಾ. “ಕೆಲವು ತುಂಬಾ ನಿಧಾನ.”