ಕರಿ ಎರಡು

ಎಲ್ಲ ಅವಾಂತರಕ್ಕೂ ಮೂಲ ಅರ್ಧ ಚೀಲ ಜೋಳ.

ಇಳಕಲ್ಲಿನ ಮುರ್ತುಜಸಾಬ ತಬಲಾ ಬಾರಿಸುವವನು. ಕರೆದರೆ ಹೋಗಿ ಬಾರಿಸುವುದು, ಕರೆಯದಿದ್ದರೆ ಮನೆಯಲ್ಲಿದ್ದು ಬಟ್ಟೆ ಒಣಹಾಕುವುದು, ಇದೇ ಅವನ ನೌಕರಿ. ಹೆಂಡತಿ ಶಹರಬಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಬೆಳಿಗ್ಗೆ ಹೊರಡುವಾಗ ಗಂಡನಿಗೆ ಆ ದಿನದ ಕೆಲಸ ಒಪ್ಪಿಸಿ ಹೋಗುವುದು ಅವಳ ಪದ್ಧತಿ. ಅವತ್ತು ಚಪ್ಪಲಿ ಮೆಟ್ಟುತ್ತ ಅಂದಳು:

“ಜ್ವಾಳ ಬೀಸಿಸಿಕೊಂಡ ಬರ್ರಿ. ಹಿಟ್ಟಿನ ಡಬ್ಬಿ ತಳಾ ಕಾಣಾಕತ್ತೈತಿ.”

“ಇವತ್ತೊಂದಿನಾ ಬಿಡ ಮಾರಾಯ್ತಿ. ಬಾಗಲಕೋಟಿ ಕಾರ್ಯಕ್ರಮ ಐತಿ. ಸೋಲೋ ಐತಿ, ಸೋಲೋ!”

“ಸೋಲೂದು ಗೆಲ್ಲೂದು ಸಂಜಿಕ ನೋಡೋಣು. ಮೊದಲ ಹಿಟ್ಟು.”

ಪಾಪ, ಅವಳಿಗೇನು ಗೊತ್ತು ಆ ಸೋಲೋದ ಬೆಲೆ! ಮುರ್ತುಜಸಾಬ ಬಾರಿಸದ ಜಾಗ ಜಿಲ್ಲೆಯಲ್ಲಿಲ್ಲ. ಬಸಿರಿಯ ಕುಬುಸದ ಹಾಡಿಗೂ ಅವನೇ, ವಚನ ಗಾಯನಕ್ಕೂ ಅವನೇ, ಉರುಸಿನ ಕವ್ವಾಲಿಗೂ ಅವನೇ. ಆದರೆ ಎಲ್ಲಿ ಹೋದರೂ ಗಾಯಕರ ಹೆಸರು ಹೇಳುತ್ತಾರೆ, ಹಾರ್ಮೋನಿಯಂ ಪೆಟಿಗೆಯವರ ಹೆಸರು ಹೇಳುತ್ತಾರೆ, ಶಾಮಿಯಾನದವರಿಗೂ ವಂದನೆ ಹೇಳುತ್ತಾರೆ, ಇವನ ಸರದಿ ಬಂದಾಗ “ಮತ್ತು ತಬಲಾ” ಎಂದು ಮುಂದೆ ಹೋಗಿಬಿಡುತ್ತಾರೆ. ಬಾದಾಮಿಯಲ್ಲಿದ್ದ ಅವನ ಉಸ್ತಾದರನ್ನು ಜನ “ಖಾನ್‌ಸಾಹೇಬ್ರು” ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಮುದುಕರ ಮೀಸೆ ತಾನಾಗಿ ಮೇಲೇಳುತ್ತಿತ್ತು. ಒಮ್ಮೆ, ಸಾಯುವುದರೊಳಗೆ ಒಂದೇ ಒಂದು ಸಲ, ತುಂಬಿದ ಸಭೆ ತನ್ನನ್ನೂ ಹಾಗೆ ಕರೆಯಬೇಕು. ಮುರ್ತುಜಸಾಬನಿಗೆ ಇದ್ದ ಆಸೆ ಅಷ್ಟೇ.

ಅದಕ್ಕೆ ಈಗ ಕಾಲ ಕೂಡಿ ಬಂದಿತ್ತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಸಹಕಾರಿ ಸಂಘವೊಂದರ ಬೆಳ್ಳಿಹಬ್ಬ. ಸಂಘದ ಕಾರ್ಯದರ್ಶಿ ಅಂದಪ್ಪ ಮಾತು ಕೊಟ್ಟಿದ್ದ: “ಶೈಲಾನ ಹಾಡಿಗಿಂತ ಮೊದಲ ನಿಮ್ಮ ಸೋಲೋ ಇಡ್ತೇನಿ. ಮೈಕಿನಾಗ ನಿಮ್ಮ ಹೆಸರು ಖುದ್ದ ನಾನ ಹೇಳ್ತೇನಿ.”

ಇಂಥ ದಿನವೇ ಗಿರಣಿಯಲ್ಲಿ ಕರೆಂಟು ಹೋಗಬೇಕೇ? ಮುರ್ತುಜಸಾಬ ಜೋಳದ ಚೀಲದ ಮೇಲೆ ಕೂತು ಬಾಗಿಲನ್ನೂ ಬಲ್ಬನ್ನೂ ನೋಡಿ ನೋಡಿ ಸುಸ್ತಾದ.

ಇತ್ತ ಅವನ ಫೋನು ಎದುರುಮನೆಯ ಸಾವಿತ್ರೆವ್ವನ ಪಡಸಾಲೆಯಲ್ಲಿ ಚಾರ್ಜಿಗೆ ಕೂತಿತ್ತು. ಸಾವಿತ್ರೆವ್ವ ಮನೆಯಲ್ಲೇ ಸೀರೆ ಇಟ್ಟು ಮಾರುವವಳು. ಓಣಿಯ ಅರ್ಧ ಮನೆಗಳ ಕೀಲಿಕೈ ಅವಳ ಗೂಟದಲ್ಲಿ, ಪೂರ್ತಿ ಮನೆಗಳ ಸುದ್ದಿ ಅವಳ ಉಡಿಯಲ್ಲಿ. ಫೋನು ರಿಂಗಾಯಿತು. ಸಾವಿತ್ರೆವ್ವ ಬಿಡುತ್ತಾಳೆಯೇ? ಎತ್ತಿದಳು. ಆ ಕಡೆ ಹಾಡುವ ಹುಡುಗಿ ಶೈಲಾ.

“ಕಾಕಾ ಇಲ್ಲೇನ್ರಿ? ಇರ್ಲಿ, ಅವ್ರಿಗೆ ಹೇಳ್ರಿ, ಬರೂ ಮುಂದ ಕರಿ ಎರಡು ತರ್ರಿ ಅಂತ. ಬಿಳಿ ಒಂದು ಬ್ಯಾಡ. ಬಿಳಿ ಒಂದು ನನಗ ಭಾಳ ಇಳೀತೈತ್ರಿ.”

ಹಾಡುವವರ ಮಾತಿನಲ್ಲಿ ಕರಿ ಎರಡು ಅಂದರೆ ಹಾರ್ಮೋನಿಯಂನ ಎರಡನೆಯ ಕರಿಮನೆ. ಆ ಸ್ವರಕ್ಕೆ ಶ್ರುತಿ ಮಾಡಿದ ತಬಲಾ ತನ್ನಿ, ಬಿಳಿಮನೆಯದು ನನ್ನ ಕಂಠಕ್ಕೆ ತಗ್ಗಾಗುತ್ತದೆ ಎಂದು ಹುಡುಗಿಯ ಅರ್ಥ. ಆದರೆ ಇಳಕಲ್ಲಿನಲ್ಲೇ ಹುಟ್ಟಿ, ಇಳಕಲ್ಲಿನಲ್ಲೇ ತಲೆ ನೆರೆತ ಹೆಂಗಸಿಗೆ “ಕರಿ ಎರಡು” ಎಂದರೆ ಸೀರೆಯ ಹೊರತು ಇನ್ನೇನು ಹೊಳೆದೀತು?

“ಸೆರಗು ಹೆಂಗಿರಬೇಕವಾ?” ಎಂದಳು.

“ಹಾಂ? ಹೂಂರಿ, ಚಲೋತ್ನ್ಯಾಗ ಏರಿಸಿ ತರ್ರಿ!” ಎಂದು, ಸೆರಗನ್ನು ಸ್ವರ ಎಂದು ಕೇಳಿಸಿಕೊಂಡ ಶೈಲಾ ಫೋನು ಇಟ್ಟಳು.

ಚೌಕಾಶಿ ಮಾಡದ ಗಿರಾಕಿಯನ್ನು ಕಂಡು ಸಾವಿತ್ರೆವ್ವನಿಗೆ ಕಣ್ಣು ತುಂಬಿ ಬಂತು. ಗೂಟದಿಂದ ಕೀಲಿಕೈ ತೆಗೆದು ಮುರ್ತುಜಸಾಬನ ಮನೆ ಹೊಕ್ಕಳು. ಎರಡು ಚೀಲ ತಯಾರಾಗಿದ್ದವು. ಒಂದರಲ್ಲಿ ಎಡಗೈಯಲ್ಲಿ ಬಾರಿಸುವ ಡಗ್ಗಾ. ಇನ್ನೊಂದನ್ನು ಬಿಚ್ಚಿದರೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ತಬಲಾ. “ಬಿಳಿ ಒಂದು ಬ್ಯಾಡ ಅಂದಾಳ” ಎಂದು ಆ ಗಂಟನ್ನು ಎತ್ತಿ ಮೂಲೆಗಿಟ್ಟಳು. ತನ್ನ ಅಂಗಡಿಯ ಎರಡು ಕರಿ ಚಂದ್ರಕಾಳಿ ಸೀರೆ, ಕೆಂಪು ಸೆರಗಿನವು, ಅಲ್ಲಿ ಮಲಗಿಸಿದಳು. ಇನ್ನೂ ಜಾಗ ಉಳಿಯಿತು. ಹಸಿದುಕೊಂಡು ಹೋಗುವ ಜೀವ ಎಂದು ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ತುರುಕಿ ಬಾಯಿ ಕಟ್ಟಿದಳು.

ಕೊನೆಗೂ ಕರೆಂಟು ಬಂದು, ಜೋಳ ಬೀಸಿಸಿಕೊಂಡು ಮುರ್ತುಜಸಾಬ ಓಡುತ್ತ ಬಂದಾಗ ತಲೆಯಿಂದ ಕಾಲಿನವರೆಗೆ ಹಿಟ್ಟು, ಎಣ್ಣೆಗೆ ಬಿಡುವ ಮೊದಲು ಹೊರಳಿಸಿಟ್ಟ ಮಿರ್ಚಿಯ ಹಾಗೆ.

“ತಮ್ಮಾ, ಆ ಹಾಡೂ ಹುಡುಗಿ ಫೋನ್ ಬಂದಿತ್ತು. ಕರಿ ಎರಡು ತರಬೇಕಂತ.”

“ಅಯ್ಯೋ ಅಕ್ಕಾ! ನಾ ಬಿಳಿ ಒಂದು ಇಟ್ಟಿದ್ನೆಲ್ಲ!”

“ಅದನ್ನ ತಗದೇನಿ. ಆಕಿಗೆ ಇಳೀತೈತಂತ.”

“ಹೌದಕ್ಕಾ, ಆಕಿಗೆ ಇಳೀತೈತಿ! ಕರಿ ಎರಡು ಹಾಕೀಯೇನು ಮತ್ತ?”

“ಹಾಕೇನಿ. ನನ್ನ ಕಡಿದ್ದದ್ರಾಗ ಚಲೋದ ನೋಡಿ ಹಾಕೇನಿ.”

ಮುರ್ತುಜಸಾಬ ಬೆರಗಾದ. ಇಷ್ಟು ವರ್ಷ ಎದುರುಮನೆಯಲ್ಲಿ ಕೂತು ಕೇಳಿ ಕೇಳಿ ಸಾವಿತ್ರೆವ್ವನಿಗೆ ಶ್ರುತಿಜ್ಞಾನ ಬಂದುಬಿಟ್ಟಿದೆಯಲ್ಲ! “ನನ್ನ ಕಡಿದ್ದದ್ರಾಗ” ಎಂದದ್ದು ಯಾಕೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ಚೀಲ ಎತ್ತಿ ನೋಡಿದ, ಭಾರ ಸರಿಯಿತ್ತು. ಎರಡೂ ಹೆಗಲಿಗೆ ಹಾಕಿಕೊಂಡು, ಚಾರ್ಜಿಗಿಟ್ಟ ಫೋನನ್ನೂ ಮರೆತು, ಬಸ್ ನಿಲ್ದಾಣಕ್ಕೆ ಓಟ ಕಿತ್ತ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುನಗುಂದದಲ್ಲಿ ಇನ್ನಷ್ಟು ಮಂದಿ ಹತ್ತಿದರು. ಒಬ್ಬ ಹೆಣ್ಣುಮಗಳು ಇವನ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಿರುವುದನ್ನು ಕಂಡು ಮರುಗಿ, “ಯಜ್ಜಾ, ಕುಂಡ್ರ ಬಾ ಇಲ್ಲೆ” ಎಂದು ಎದ್ದು ನಿಂತಳು. ನಲವತ್ತು ದಾಟಿದ ಗಂಡಸಿಗೆ ಎದೆಗೆ ಚುಚ್ಚಿದಂತಾಯಿತು. ಆದರೆ ಕಾಲು ನೋಯುತ್ತಿದ್ದವು, ಅಜ್ಜನಾಗಿಯೇ ಕೂತ. ಶಿರೂರು ದಾಟುವವರೆಗೆ ತೊಡೆಯ ಮೇಲಿನ ಡಗ್ಗಾದ ಮೇಲೆ ಬೆರಳಾಡಿಸುತ್ತ ಸೋಲೋ ಅಭ್ಯಾಸ ಮಾಡಿದ.

ಅವನು ಹೋಗಿ ಮುಟ್ಟಿದಾಗ ಸಭಾಭವನ ತುಂಬಿತ್ತು. ಮುಖ್ಯ ಅತಿಥಿಗಳು ಹೆಂಡತಿ ಸಮೇತ ವೇದಿಕೆಯ ಮೇಲೆ ಕೂತಿದ್ದರು. ಅಂದಪ್ಪ ಮೈಕು ಹಿಡಿದು, “ಈಗ ತಬಲಾ ಸೋಲೋ!” ಎಂದು ಸಾರಿಯೂ ಬಿಟ್ಟ. ಮುರ್ತುಜಸಾಬ ಹಿಟ್ಟು ಕೊಡವಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, ಡಗ್ಗಾ ಇಟ್ಟು, ಇನ್ನೊಂದು ಚೀಲದ ಬಾಯಿ ಬಿಚ್ಚಿ ಕೈ ಹಾಕಿದ.

ಮೆತ್ತಗೆ ಏನೋ ಸಿಕ್ಕಿತು. ಎಳೆದ. ಫಳಫಳ ಹೊಳೆಯುವ ಕರಿ ಸೀರೆ ಬಂತು.

“ಕಾಕಾ, ಇದೇನ್ರಿ?” ಹಾರ್ಮೋನಿಯಂ ಮುಂದಿದ್ದ ಶೈಲಾ ಕಣ್ಣರಳಿಸಿದಳು.

“ಕರಿ ಒಂದು” ಎಂದು ಮುರ್ತುಜಸಾಬ ಹೇಳಿದ. ಅವನಿಗೆ ಎಲ್ಲ ಅರ್ಥವಾಗಿತ್ತು.

ಸಭೆಯ ಹೆಣ್ಣುಮಕ್ಕಳು “ಯವ್ವಾ, ಎಂಥಾ ಸೀರಿ!” ಎಂದು ಕತ್ತು ಉದ್ದ ಮಾಡಿದರು. ಅಂದಪ್ಪ ಸಮಯಕ್ಕೆ ಸರಿಯಾಗಿ ತಪ್ಪು ತಿಳಿಯುವ ಮನುಷ್ಯ. “ಇಳಕಲ್ಲಿನ ಕಲಾವಿದರು ನಮ್ಮ ಅತಿಥಿಗಳ ಶ್ರೀಮತಿಯವ್ರಿಗೆ ಪ್ರೀತಿಯಿಂದ ಸೀರಿ ತಂದಾರ! ಜೋರಾಗಿ ಚಪ್ಪಾಳಿ!” ಎಂದುಬಿಟ್ಟ. ಸೀರೆ ಆ ತಾಯಿಯ ಮಡಿಲು ಸೇರಿತು. ಎರಡನೆಯದನ್ನು ಎಳೆದರೆ ಸಂಘದ ಅಧ್ಯಕ್ಷರ ಹೆಂಡತಿಯೂ ಮುಂದಿನ ಸಾಲಿನಲ್ಲೇ ಇದ್ದಾಳೆ. ಅದೂ ಕೈಬಿಟ್ಟೀತೆಂದು ಮುರ್ತುಜಸಾಬ ಅದನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಕೊನೆಯ ಆಸೆಯಿಂದ ಚೀಲದ ತಳಕ್ಕೆ ಕೈಹಾಕಿದ. ರೊಟ್ಟಿ “ಟಕ್” ಎಂದು ಮುರಿದ ಸದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು.

ಅಂದಪ್ಪ ಬಗ್ಗಿ ಕಿವಿಯಲ್ಲಿ ಕೇಳಿದ: “ತಬಲಾನ ತಂದಿಲ್ಲೇನ್ರಿ? ಹೋಗ್ಲಿ ಬಿಡ್ರಿ, ಸೋಲೋ ತಗದ ಹಾಕೋಣು. ಅಷ್ಟೊತ್ತು ನಾನ ಭಾಷಣಾ ಮಾಡ್ತೇನಿ.”

“ತಗ್ಯಾಕ ಬಿಡಂಗಿಲ್ಲ!” ಮುರ್ತುಜಸಾಬ ಗುಡುಗಿದ. ಅಷ್ಟು ಜೋರಾಗಿ ಅವನು ಹೆಂಡತಿಯ ಮುಂದೆ ಒಮ್ಮೆಯೂ ಮಾತಾಡಿರಲಿಲ್ಲ.

ಸುತ್ತ ನೋಡಿದ. ವೇದಿಕೆಯ ಅಂಚಿನಲ್ಲಿ ಅತಿಥಿಗಳಿಗೆ ಇಟ್ಟಿದ್ದ ದೊಡ್ಡ ನೀರಿನ ಕ್ಯಾನ್ ಕಂಡಿತು. ಎದ್ದು ಹೋಗಿ ಅದನ್ನು ಅಪ್ಪಿಕೊಂಡು ತಂದ. ತೊಡೆಯ ಕೆಳಗಿನ ಸೀರೆಯನ್ನು ಸಿಂಬಿ ಸುತ್ತಿ, ಅದರ ಮೇಲೆ ಕ್ಯಾನನ್ನು ಕೂರಿಸಿ ಒಂದು ಏಟು ಕೊಟ್ಟ. ಉಂಡು ಮಲಗಿದ ಎಮ್ಮೆಯನ್ನು ತಟ್ಟಿದ ಹಾಗೆ “ಬೊದ್” ಅಂದಿತು.

“ನೀರು ಭಾಳ ಐತಿ” ಎಂದ. ಲೋಟ ತುಂಬಿ ಮುಖ್ಯ ಅತಿಥಿಗಳ ಮುಂದೆ ಹಿಡಿದ. “ಕುಡೀರಿ ಸರ.”

“ನೀರಡಿಕಿ ಇಲ್ರಿ ನನಗ.”

“ನಿಮಗಲ್ಲ ಸರ, ಶ್ರುತಿಗೆ ಕುಡೀರಿ.”

ಶೈಲಾ ನಗು ತಡೆಯುತ್ತ ಕರಿ ಎರಡನ್ನು ಒತ್ತಿ ಹಿಡಿದಳು. ಅತಿಥಿಗಳು ಕುಡಿದರು, ಅವರ ಶ್ರೀಮತಿ ಕುಡಿದರು, ಅಧ್ಯಕ್ಷರು ಕುಡಿದರು. ಲೋಟಗಳು ಸಭೆಯೊಳಗೆ ಇಳಿದು ಸಾಲು ಸಾಲಾಗಿ ನಡೆದವು. ನೀರು ಇಳಿದಂತೆ ಕ್ಯಾನಿನ ದನಿ ಬಿಚ್ಚತೊಡಗಿತು. ಬೊದ್ ಹೋಗಿ ದುಂ ಆಯಿತು, ದುಂ ಹೋಗಿ ತೋಂ ಆಯಿತು.

“ಇನ್ನೂ ಎಷ್ಟೈತ್ರಿ?” ಹೊಟ್ಟೆ ಹಿಡಿದುಕೊಂಡು ಮುಖ್ಯ ಅತಿಥಿಗಳು ಕೇಳಿದರು.

“ಆತ್ರಿ ಸರ, ಒಂದ ಗುಟುಕು. ಕೂದಲೆಳಿ ಅಷ್ಟ ಕಮ್ಮಿ ಐತಿ.”

ಅವರು ಕಣ್ಣು ಮುಚ್ಚಿ ಗುಟುಕರಿಸಿದರು. ಮುರ್ತುಜಸಾಬ ಬೆರಳು ಮೀಟಿದ. “ತೋಂ!” ಹಾರ್ಮೋನಿಯಂನ ಸ್ವರಕ್ಕೆ ಕ್ಯಾನಿನ ಸ್ವರ ಹಾಲಿಗೆ ಹಾಲು ಬೆರೆತಂತೆ ಬೆರೆಯಿತು. ಸಭೆ “ಆಹಾ” ಅಂದಿತು. ತಾವೇ ಕುಡಿದು ಹೊಂದಿಸಿದ ಶ್ರುತಿಯಲ್ಲವೇ, ಎಲ್ಲರಿಗೂ ಅದರಲ್ಲಿ ಪಾಲಿತ್ತು.

ಆಮೇಲೆ ಅವನು ಬಾರಿಸಿದ್ದನ್ನು ಕೇಳಿಯೇ ತಿಳಿಯಬೇಕು. ಎಡಗೈಯಲ್ಲಿ ಡಗ್ಗಾ ಮೋಡದಂತೆ ಗುಡುಗಿತು. ಬಲಗೈಯಲ್ಲಿ ಕ್ಯಾನು ಮೊದಲು ಗುಬ್ಬಿಯಂತೆ ಕುಪ್ಪಳಿಸಿತು, ಆಮೇಲೆ ಕುದುರೆಯಂತೆ ಕೆನೆದು ಓಡಿತು. ಒಳಗೆ ಉಳಿದ ನೀರು ಏಟಿಗೊಮ್ಮೆ ಕುಣಿದು ತಾನೂ ಒಂದು ತಾಳ ಹಾಕಿತು. ಉಸ್ತಾದರು ಕಲಿಸಿದ್ದು, ಕುಬುಸದ ಮನೆಗಳಲ್ಲಿ ಯಾರೂ ಕೇಳದೆ ಹಾಗೇ ಉಳಿದದ್ದು, ಎಲ್ಲ ಹತ್ತು ಬೆರಳಿನಿಂದ ಸುರಿಯಿತು. ಅವನ ತಲೆಯ ಹಿಟ್ಟು ಏಟಿಗೊಂದು ಮುಷ್ಟಿ ಹಾರಿ ದೀಪದ ಬೆಳಕಿನಲ್ಲಿ ಧೂಪದಂತೆ ಮೇಲೇರಿತು. ಕೊನೆಯ “ಧಾ” ಬಿದ್ದಾಗ ಸಭೆಗೆ ಸಭೆಯೇ ಎದ್ದು ನಿಂತಿತ್ತು. ಸಿಳ್ಳೆಯೋ ಸಿಳ್ಳೆ.

ಅಂದಪ್ಪ ಓಡಿ ಬಂದು ಮೈಕು ಕಿತ್ತುಕೊಂಡ. “ಇವ್ರು ಯಾರಂತೀರಿ! ಇವ್ರು ನಮ್ಮ... ನಮ್ಮ ಇಳಕಲ್ಲಿನ...” ಎಂದು ತಡವರಿಸಿ ವೇದಿಕೆಯ ಕಡೆ ಒಮ್ಮೆ ನೋಡಿದ. ಮೈಕು ಕೀಂ ಎಂದು ಚೀರಿತು. ಆ ಚೀರಾಟದ ನಡುವೆ ಮುರ್ತುಜಸಾಬನ ಕಿವಿಗೆ ಆ ಮಾತು ಬಿತ್ತು.

“ಖಾನ್‌ಸಾಹೇಬ್ರು!”

ಸಾವಿರ ಕಂಠಗಳು ಅದನ್ನೇ ಕೂಗಿದವು. ಮುರ್ತುಜಸಾಬನ ಮೀಸೆ ಹಿಟ್ಟಿನ ಸಮೇತ ಮೇಲೆದ್ದಿತು. ಕಣ್ಣೀರು ಕೆನ್ನೆಯ ಹಿಟ್ಟಿನಲ್ಲಿ ಎರಡು ಕಾಲುವೆ ತೋಡಿತು.

ತಿರುಗಿ ಬರುವ ಬಸ್ಸಿನಲ್ಲಿ ನಾಲ್ಕಾರು ಜನ ಫೋನಿನಲ್ಲಿ ಅವನ ವಿಡಿಯೋ ನೋಡುತ್ತಿದ್ದರು. “ನಮ್ಮ ಖಾನ್‌ಸಾಹೇಬ್ರು ಇವ್ರ!” ಎಂದು ಕಂಡಕ್ಟರನೂ ಕೈ ಕುಲುಕಿದ. ಬಸ್ಸು ಗಡಗಡ ಅನ್ನುತ್ತಿತ್ತು, ಆದರೂ ಆ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿತು.

ಓಣಿಗೆ ಬರುವಾಗ ಸಾವಿತ್ರೆವ್ವ ಜಗಳಕ್ಕೆ ನಿಂತಿರುತ್ತಾಳೆ ಎಂದು ಹೆದರಿದ್ದ. ಅವಳೋ ಓಡಿ ಬಂದು ದೃಷ್ಟಿ ತೆಗೆದಳು. “ಬಾಗಲಕೋಟಿಯಿಂದ ನಿನ್ನ ನಂಬರಿಗೆ ಫೋನ್ ಮ್ಯಾಲ ಫೋನ್ ತಮ್ಮಾ! ಸಿಂಬಿ ಸುತ್ತಿದರೂ ಮುದುಡದ ಸೀರಿ ಬೇಕಂತ ಎಲ್ಲಾರಿಗೂ!”

ಶಹರಬಾನು ಬಾಗಿಲಲ್ಲಿ ನಿಂತಿದ್ದಳು. ವಿಡಿಯೋ ಅವಳೂ ನೋಡಿದ್ದಳು. “ಗೆದ್ರಿ ಬಿಡ್ರಿ” ಎಂದಷ್ಟೇ ಹೇಳಿ, ಗಂಡನಿಗೆ ಕೈಕಾಲಿಗೆ ನೀರು ತಾನೇ ತಂದುಕೊಟ್ಟಳು. ಮದುವೆಯಾದಾಗಿನಿಂದ ಇದು ಮೊದಲು.

ಅಷ್ಟರಲ್ಲಿ ಸಾವಿತ್ರೆವ್ವನ ಕೈಯಲ್ಲಿದ್ದ ಮುರ್ತುಜಸಾಬನ ಫೋನು ಮತ್ತೆ ರಿಂಗಾಯಿತು. ಯಾರೋ ಹೊಸಬರು. ಓಣಿಯೂ ಕೇಳಲಿ ಎಂದು ಅವನು ಸ್ಪೀಕರ್ ಹಚ್ಚಿದ.

“ನಮಸ್ಕಾರ್ರಿ, ನಾ ಬಾದಾಮಿಯಿಂದ ನಾಗಲಿಂಗ ಮಾತಾಡ್ತೇನಿ. ನಮ್ಮದು ಸಂಗೀತ ಸಮ್ಮೇಳನ ಐತ್ರಿ. ನಿಮ್ಮ ಸೋಲೋ ಅರ್ಧ ತಾಸು. ಪೋಸ್ಟರಿನಾಗ ನಿಮ್ಮ ಫೋಟೋ ಎಲ್ಲಾರಕಿಂತ ದೊಡ್ಡದು!”

ಉಸ್ತಾದರ ಊರು! ಮುರ್ತುಜಸಾಬ ಗಂಟಲು ಸರಿಮಾಡಿಕೊಂಡ. “ಬರ್ತೇನ್ರಿ. ನನ್ನ ತಬಲಾ ಚಂದಗೆ ಶ್ರುತಿ ಮಾಡಿ ತರ್ತೇನಿ.”

“ತಬಲಾ ಯಾಕ್ರೀ? ಕ್ಯಾನ್ ನಾವ ಇಡ್ತೇವಿ. ನೀರು ಕುಡಿಯಾಕ ಕಾಲೇಜಿನ ಹುಡುಗೂರನ್ನ ಹೇಳೇವಿ. ನೀವು ಕ್ಯಾನ್‌ಸಾಹೇಬ್ರ ಹೌದಲ್ರಿ?”

“ಏನಂದ್ರಿ?”

“ಕ್ಯಾನ್‌ಸಾಹೇಬ್ರು! ಇಡೀ ಜಿಲ್ಲಾ ಹಂಗ ಅನ್ನಾಕತ್ತೈತಲ್ರಿ. ಆ ಅಂದಪ್ಪನೌರು ಮೈಕಿನಾಗ ಇಟ್ಟ ಬಿರುದು. ನಿಮ್ಮ ಹೆಸರೇನಂತ ಅವ್ರನ್ನ ಕೇಳಿದ್ನಿ, ನೆನಪಿಲ್ಲಂದ್ರು.”

ಶಹರಬಾನು ಸೆರಗು ಬಾಯಿಗೆ ಒತ್ತಿಕೊಂಡಳು. ಮುರ್ತುಜಸಾಬ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದ. ಆ ಚಪ್ಪಾಳೆ, ಆ ಸಿಳ್ಳೆ, ಎದ್ದು ನಿಂತ ಆ ಸಭೆ, ಅವೆಲ್ಲ ಖರೆಯೇ ಆಗಿದ್ದವಲ್ಲ. ಬೆನ್ನು ನೆಟ್ಟಗೆ ಮಾಡಿ ಉಸ್ತಾದರ ಗತ್ತಿನಲ್ಲೇ ಕೇಳಿದ:

“ಆಗ್ಲಿ, ಬರ್ತೇನಿ. ಜೋಡಿ ಸಾಥ್ ಬಾರಿಸಾಕ ಯಾರದಾರ?”

“ಯಾರರ ಒಬ್ಬ ತಬಲಾದಾವನ್ನ ನೀವ ಹೇಳ್ರಿ.”

ಮುರ್ತುಜಸಾಬ ಓಣಿಯ ಎಲ್ಲರ ಮುಖ ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: “ಇಳಕಲ್ಲಾಗ ಮುರ್ತುಜಸಾಬ ಅಂತ ಒಬ್ರು ಅದಾರ. ಭಾರಿ ಬಾರಿಸ್ತಾರ.”

“ಯಾವನ್ರಿ ಅವ? ಕೇಳಿದ ಹೆಸರಲ್ಲ ಬಿಡ್ರಿ” ಎಂದ ನಾಗಲಿಂಗ. “ಇರ್ಲಿ, ನೀವು ಹೇಳ್ತೀರಂದ್ರ ಜೋಡಿ ಕರಕೊಂಡ ಬರ್ರಿ. ಹಿಂದ ಎಲ್ಲೆರ ಒಂದ ಕಡೆ ಕುಂಡ್ರಸೋಣು.”